ಅಡಿಕೆ ದೋಟಿಗೆ ಯಾವ ಅಲ್ಯೂಮಿನಿಯಂ? 6063, 6061 ಎರಡನ್ನೂ ಬಳಸಿ ನೋಡಿದ ಮೇಲೆ

ದೋಟಿಗೆ, ಅಂದರೆ ನೆಲದಿಂದಲೇ ಅಡಿಕೆ ಗೊನೆ ಕೊಯ್ಯುವ, ಔಷಧಿ ಹೊಡೆಯುವ ಉದ್ದ ಕೋಲಿಗೆ, ಪೈಪ್ ಬೇಕು ಅಂತ ಶಿವಮೊಗ್ಗದಲ್ಲಿ ಕೇಳಿದರೆ ದಪ್ಪ, ತೂಕ, ರೇಟು ಹೇಳುತ್ತಾರೆ. ನೀವು ಕೇಳಬೇಕಾದದ್ದು ಮಿಶ್ರಲೋಹದ ನಂಬರು (6063, 6061) ಮತ್ತು ಅದರ ಹದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಬಗೆ (ಟಿ5, ಟಿ6). ಸಾಗರದ ಕಡೆಯ ನಮ್ಮ ತೋಟದಲ್ಲಿ 6063-ಟಿ5 ಮತ್ತು 6061-ಟಿ6 ಪೈಪುಗಳನ್ನು ಒಂದೇ ಅಳತೆಯಲ್ಲಿ ತಂದು ಕೊಯ್ಲಿಗೂ ಔಷಧಿ ಹೊಡೆಯಲಿಕ್ಕೂ ಬಳಸಿದ್ದೇವೆ.

6063 ಅಂದರೆ ಕಿಟಕಿ ಫ್ರೇಮಿಗೆ ಹಾಕುವ ಮಾಲು. ನುಣುಪಾಗಿರುತ್ತದೆ, ಸುಲಭವಾಗಿ ಸಿಗುತ್ತದೆ. 6061 ಹುಡುಕಬೇಕು, ಬೆಲೆಯೂ ಜಾಸ್ತಿ.

ಎತ್ತಿ ಹಿಡಿದರೆ ಎರಡೂ ಒಂದೇ ಥರ ಬಳುಕುತ್ತವೆ. 'ಇದು ಗಟ್ಟಿ ಪೈಪ್ ಅಲ್ವಾ, ಯಾಕೆ ಬಳುಕತ್ತೆ?' ಅಂತ ಗೊನೆ ಕೊಯ್ಯುವ ನಮ್ಮ ಕೊನೆಗೌಡರು ಕೇಳಿದರು. ಬಳುಕು ಪರಮಾಣುಗಳ ನಡುವಿನ ಹಿಡಿತಕ್ಕೆ ಸೇರಿದ್ದು. ಅದರ ಅಳತೆ (ಬಿಗಿತ) ಎರಡರಲ್ಲೂ ಒಂದೇ, ಸುಮಾರು 69 ಗಿಗಾಪ್ಯಾಸ್ಕಲ್. ವ್ಯತ್ಯಾಸ ಗೊತ್ತಾಗುವುದು ಅಡಿಕೆ ಗೊನೆ ಸಿಕ್ಕಿಕೊಂಡು ಜಗ್ಗಿದಾಗ. 6063 ಡೊಂಕಾಗಿಯೇ ಉಳಿಯಿತು. 6061 ಬಾಗಿ ಮತ್ತೆ ನೆಟ್ಟಗಾಯಿತು.

ಕಾರಣ ಒಳಗಿದೆ. ಟಿ6 ಹದಕ್ಕೆ ಈ ಲೋಹವನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಆಮೇಲೆ 160-175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಆಗ ಮೆಗ್ನೀಸಿಯಂ, ಸಿಲಿಕಾನ್ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಸೂಜಿಗಳಾಗುತ್ತವೆ. ಲೋಹದ ಪದರಗಳು ಜಾರಲು ಹೊರಟರೆ ಈ ಸೂಜಿಗಳು ಅಡ್ಡ ನಿಲ್ಲುತ್ತವೆ. 6061ರಲ್ಲಿ ಮೆಗ್ನೀಸಿಯಂ ಜಾಸ್ತಿ, ಜೊತೆಗೆ ಚೂರು ತಾಮ್ರ. ಹದ ಇಲ್ಲದ 6061 ಸುಮಾರು 55 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ಬಿದ್ದರೇ ಕಾಯಂ ಡೊಂಕಾಗುತ್ತದೆ. ಟಿ6 ಹದ ಕೊಟ್ಟರೆ 275ರವರೆಗೆ ತಡೆಯುತ್ತದೆ. ಲೋಹ ಅದೇ, ಸೂಜಿಗಳು ಬಂದವು ಅಷ್ಟೇ. 6063-ಟಿ5 ಸುಮಾರು 145ಕ್ಕೆ ಸೋಲುತ್ತದೆ.

ಆದ್ದರಿಂದ ದೋಟಿಯನ್ನು ವೆಲ್ಡ್ ಮಾಡಿಸಬೇಡಿ. ಆ ಬಿಸಿಗೆ ಸೂಜಿಗಳು ಕರಗುತ್ತವೆ, ಇಲ್ಲವೇ ದಪ್ಪಗಾಗಿ ವಿರಳವಾಗುತ್ತವೆ. ವೆಲ್ಡ್ ಮಾಡಿಸಿದ 6061 ತುಂಡೊಂದನ್ನು ಬಗ್ಗಿಸಿ ನೋಡಿದೆವು. ಬೆಸುಗೆ ಗಟ್ಟಿಯಾಗಿತ್ತು, ಅದರ ಪಕ್ಕದಲ್ಲೇ ಪೈಪ್ ಮಡಚಿತು. ಒಳಗೊಂದು ಪೈಪ್ ತೂರಿಸಿ ರಿವೆಟ್ ಹೊಡೆಯುವುದೇ ಒಳ್ಳೆಯದು.

ಮಳೆಗಾಲದಲ್ಲಿ ಮಾತ್ರ 6063 ಗೆದ್ದಿತು. ಆಗ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ ಗುಳಿ ಬೀಳುತ್ತದೆ. ನಮ್ಮ 6061ರ ಕೂಡುಗಳ ಹತ್ತಿರ ಬಿಳಿ ಪುಡಿ ಎದ್ದಿತ್ತು, ಒರೆಸಿದರೆ ಕೆಳಗೆ ಸಣ್ಣ ಸಣ್ಣ ತೂತು. 6063ರಲ್ಲಿ ಅಷ್ಟಿಲ್ಲ, ಅದರೊಳಗೆ ತಾಮ್ರ ತೀರಾ ಕಡಿಮೆ. ಯಾವುದಾದರೂ ಸರಿ, ಔಷಧಿ ಹೊಡೆದ ದಿನವೇ ತೊಳೆಯಿರಿ.

ನಾನೀಗ ಕೈ ಹಿಡಿಯುವ ಕೆಳಗಿನ ತುಂಡುಗಳಿಗೆ 6061 ಹಾಕುತ್ತೇನೆ, ಹೆಚ್ಚು ಎಳೆತ ಬೀಳುವುದು ಅಲ್ಲೇ. ಔಷಧಿ ಸೋಕುವ ತುದಿಗೆ 6063 ಸಾಕು. ಎರಡರಲ್ಲೂ ಕರೆಂಟ್ ಹರಿಯುತ್ತದೆ. ಲೈನ್ ಪಕ್ಕದ ಮರಕ್ಕೆ ಇವನ್ನು ಎತ್ತಲೇಬೇಡಿ.