ಬೇಸಿಗೆಗೆ ತೆರೆಯುವ ಬೀರು: ನಮ್ಮ ಪಂಚಾಯಿತಿ ಗ್ರಂಥಾಲಯ, ಬಹುಕಾಲದ ಬಳಕೆಯ ನಂತರ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬೀಳುತ್ತಿದ್ದಂತೆ ನಮ್ಮ ಪಂಚಾಯಿತಿ ಗ್ರಂಥಾಲಯದ ಬೀರುಗಳ ಬೀಗ ಕಳಚುತ್ತದೆ. ಮಕ್ಕಳ ಪುಸ್ತಕಗಳು ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹುರಿಯ ಮೇಲೆ ಬಂದು ಕೂರುತ್ತವೆ. ಮೇ ಕೊನೆಯವರೆಗೆ ಈ ಪುಟ್ಟ ಕೋಣೆಗಿಂತ ಒಳ್ಳೆಯ ಜಾಗ ಊರಿನಲ್ಲಿ ಮತ್ತೊಂದಿಲ್ಲ. ಜೂನ್‌ನಿಂದ ಮಾರ್ಚ್‌ವರೆಗೆ ಇದೇ ಮಾತು ಹೇಳಲು ಬಾಯಿ ಬರುವುದಿಲ್ಲ. ಅದೇ ಕೋಣೆ, ಅದೇ ಪುಸ್ತಕ, ಅದೇ ಮೇಲ್ವಿಚಾರಕಿ. ಹಾಗಿದ್ದೂ ಇಷ್ಟು ವ್ಯತ್ಯಾಸ ಯಾಕೆ ಎಂಬುದೇ ಈ ವಿಮರ್ಶೆಯ ವಿಷಯ.

ಕಟ್ಟಡ ಎಷ್ಟು ಅಡಿ, ಕುರ್ಚಿ ಎಷ್ಟು, ಕಂಪ್ಯೂಟರ್ ಯಾವುದು ಎಂಬುದನ್ನು ಬಿಡುತ್ತೇನೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಬಣ್ಣ, ಬೋರ್ಡು, ‘ಅರಿವು ಕೇಂದ್ರ’ ಎಂಬ ಹೆಸರು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿವೆ. ಗೊತ್ತಿರಬೇಕಾದ್ದು ಒಂದು: 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಇನ್ನೂ ಮಾಡಿಸದವರು ಮಕ್ಕಳನ್ನು ಕರೆದುಕೊಂಡು ಹೋಗಿ ಮಾಡಿಸಿ.

ಬೆಳಗಿನ ಪತ್ರಿಕೆಯ ಕೆಲಸ ನೋಡಲು ಚಂದ. ಪತ್ರಿಕೆ ಬಂದ ಕೂಡಲೇ ಮೇಲ್ವಿಚಾರಕಿ ಅದನ್ನು ಪೂರ್ತಿ ಬಿಡಿಸಿ, ಪುಟಗಳ ಅಂಚು ಸಮ ಮಾಡಿ, ನಡುವಿನ ಮಡಿಕೆಯ ಮೇಲೆ ಎರಡು ಕಡೆ ಸ್ಟೇಪ್ಲರ್ ಪಿನ್ ಹೊಡೆಯುತ್ತಾರೆ. ಮೊದಲ ಪುಟದ ತಲೆಯ ಮೇಲೆ ಸೀಲು, ಪತ್ರಿಕೆಗಳ ವಹಿಯಲ್ಲಿ ಆ ದಿನದ ಚೌಕದಲ್ಲಿ ಒಂದು ಗೆರೆ. ಐದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಹತ್ತು ಗಂಟೆಯೊಳಗೆ ಕ್ರೀಡಾಪುಟ ಒಬ್ಬರ ಕೈಯಲ್ಲಿ, ಕೃಷಿಪುಟ ಇನ್ನೊಬ್ಬರ ಕೈಯಲ್ಲಿ, ಮಾರುಕಟ್ಟೆ ಧಾರಣೆ ಇರುವ ಪುಟ ಫ್ಯಾನಿನ ಗಾಳಿಗೆ ಬೆಂಚಿನ ಕೆಳಗೆ ಹೋಗಿರುತ್ತದೆ. ಪಿನ್ನನ್ನು ಮಡಿಕೆಗೆ ಸರಿಯಾಗಿ ಹೊಡೆಯಬೇಕು. ಅಂಚಿಗೆ ಹೊಡೆದರೆ ಒಳಗಿನ ಕಾಲಂ ಓದಲು ಬರುವುದಿಲ್ಲ, ಎಳೆದಾಗ ಹರಿಯುತ್ತದೆ. ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕುವ ಮೊದಲು ಎಫ್‌ಡಿಎ, ಪಿಡಿಒ, ಪಿಎಸ್‌ಐ ಮುಂತಾದ ಸರ್ಕಾರಿ ನೇಮಕಾತಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೇಕಾದ ಪುಟ ಕತ್ತರಿಸಿಕೊಳ್ಳಲು ಬಿಡುತ್ತಾರೆ. ದಿನಕ್ಕೆ ನಾಲ್ಕು ಪತ್ರಿಕೆ ಕೊಳ್ಳಲಾಗದ ಮನೆಗಳಿಗೆ ಈ ಒಂದು ಸೌಲಭ್ಯದಿಂದಲೇ ತಿಂಗಳಿಗೆ ಎಷ್ಟೋ ಹಣ ಉಳಿಯುತ್ತದೆ.

ರಜೆಯಲ್ಲಿ ಗ್ರಂಥಾಲಯ ಮಕ್ಕಳಿಗೆ ನಡೆಸುವ ಬೇಸಿಗೆ ಶಿಬಿರ ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಹನ್ನೊಂದರೊಳಗೆ ಮುಗಿಯುತ್ತದೆ. ಆಮೇಲೆ ತಾರಸಿ ಕಾದು ಕೋಣೆಯೊಳಗೆ ಕೂರಲಾಗುವುದಿಲ್ಲ, ವಿದ್ಯುತ್ ಹೋಗುವುದೂ ಅದೇ ಹೊತ್ತಿಗೆ. ಹನ್ನೊಂದಕ್ಕೆ ಒಂದು ಲೋಟ ಮಜ್ಜಿಗೆ ಕೊಟ್ಟು ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ಹತ್ತಕ್ಕೆ ಶುರುಮಾಡಿ ಒಂದರವರೆಗೆ ನಡೆಸುವ ಊರುಗಳಲ್ಲಿ ಎರಡನೇ ವಾರಕ್ಕೆ ಮಕ್ಕಳು ಅರ್ಧಕ್ಕಿಳಿಯುತ್ತಾರೆ. ಹಾಜರಿ ಕಡಿಮೆಯಾಯಿತೆಂದು ಪೋಷಕರನ್ನು ದೂರುವ ಮೊದಲು ಗಡಿಯಾರ ನೋಡುವುದು ಒಳ್ಳೆಯದು.

ವಯಸ್ಸಿನ ಪ್ರಕಾರ ಎರಡು ಗುಂಪು: ಆರರಿಂದ ಒಂಬತ್ತು, ಹತ್ತರಿಂದ ಹದಿನಾಲ್ಕು. ಒಟ್ಟಿಗೆ ಕೂರಿಸಿದರೆ ದೊಡ್ಡವರು ಉತ್ತರ ಹೇಳಿಬಿಡುತ್ತಾರೆ, ಚಿಕ್ಕವರು ಬಾಯಿ ತೆರೆಯುವುದೇ ಇಲ್ಲ. ಗಟ್ಟಿಯಾಗಿ ಕಥೆ ಓದುವಾಗ ಅರ್ಧಚಂದ್ರಾಕಾರದಲ್ಲಿ ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಕೂರಿಸಿದರೆ ಹಿಂದಿನವರಿಗೆ ಚಿತ್ರ ಕಾಣುವುದಿಲ್ಲ. ಚಿತ್ರ ಕಾಣದ ಮಗು ಮೂರನೇ ನಿಮಿಷಕ್ಕೆ ಪಕ್ಕದವನನ್ನು ಚಿವುಟುತ್ತದೆ. ಪುಸ್ತಕವನ್ನು ಪಕ್ಕಕ್ಕೆ, ಭುಜದ ಎತ್ತರಕ್ಕೆ ಹಿಡಿದು, ಪುಟ ತಿರುಗಿಸುವ ಮುನ್ನ ಎಡದಿಂದ ಬಲಕ್ಕೆ ಒಮ್ಮೆ ತೋರಿಸಬೇಕು. ಒಂದು ಕಥೆಗೆ ಹತ್ತು ಹನ್ನೆರಡು ನಿಮಿಷ ಸಾಕು. ನಮ್ಮ ಲೈಬ್ರರಿ ಅಕ್ಕ, ಅಂದರೆ ಮೇಲ್ವಿಚಾರಕಿ, ಇದನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ನಮ್ಮ ಕಡೆಯ ಮಾತಿನಲ್ಲೇ ಓದುವುದರಿಂದ ಮಕ್ಕಳು ನಡುವೆ ತಮ್ಮ ಮಾತು ಸೇರಿಸುತ್ತಾರೆ, ಅವರು ತಡೆಯುವುದಿಲ್ಲ.

ಹುರಿಗೆ ಪುಸ್ತಕ ತೂಗುಹಾಕುವುದು ಈಗ ಎಲ್ಲ ಕಡೆ ನಡೆಯುತ್ತದೆ, ಆದರೆ ಹೆಚ್ಚಿನ ಕಡೆ ಹುರಿ ದೊಡ್ಡವರ ತಲೆಯ ಮೇಲಿರುತ್ತದೆ. ಇಲ್ಲಿ ಮೂರಡಿ ಎತ್ತರಕ್ಕೆ ಕಟ್ಟುತ್ತಾರೆ, ಆರು ವರ್ಷದ ಮಗುವಿನ ಕೈಗೆ ಸಲೀಸಾಗಿ ಸಿಗುತ್ತದೆ. ಹದಿನಾರರಿಂದ ಇಪ್ಪತ್ನಾಲ್ಕು ಪುಟದ ತೆಳು ಪುಸ್ತಕಗಳು ಮಾತ್ರ ಹುರಿಗೆ. ದಪ್ಪ ಪುಸ್ತಕ ತೂಗಿದರೆ ಹುರಿ ಜೋಲುತ್ತದೆ, ಪಿನ್ನಿನ ಜಾಗದಲ್ಲಿ ನಡುಪುಟ ಕಿತ್ತುಬರುತ್ತದೆ. ಕಿಟಕಿಯ ಬಿಸಿಲು ನೇರ ಬೀಳುವ ಗೋಡೆ ಬೇಡ, ಒಂದೇ ತಿಂಗಳಿಗೆ ರಕ್ಷಾಪುಟದ ಕೆಂಪು ಬಣ್ಣ ಬಿಳಿಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಪುಸ್ತಕ ಬದಲಿಸಬೇಕು. ಹುರಿಯ ಮೇಲಿನ ಹೊಸ ಪುಸ್ತಕ ನೋಡಲೆಂದೇ ಸೋಮವಾರ ಬೇಗ ಬರುವ ಮಕ್ಕಳಿದ್ದಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪುಸ್ತಕ ದುರಸ್ತಿಯ ಎರಡು ದಿನ. ಅಂಟು ಮಾಡಲು ಒಂದು ಅಳತೆ ಮೈದಾಕ್ಕೆ ಐದಾರು ಅಳತೆ ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಕುದಿಯುವಾಗ ಸುರಿದು, ಬಿಳಿ ಬಣ್ಣ ಹೋಗಿ ಪಾರದರ್ಶಕವಾಗುವವರೆಗೆ ತಿರುವಬೇಕು. ಬೈಂಡಿಂಗ್ ಮಾಡುವವರು ಹುಳು ಬೀಳದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ, ಮಕ್ಕಳ ಕೈಗೆ ಕೊಡುವ ಅಂಟಿಗೆ ಹಾಕಬಾರದು. ಬದಲಿಗೆ ಅಂದಿನ ಅಂಟು ಅಂದೇ ಮುಗಿಸಿ, ತೆಳುವಾಗಿ ಸವರಿ, ತೂಕದ ಕೆಳಗಿಟ್ಟು ಪೂರ್ತಿ ಒಣಗಿಸಿದರೆ ಸಾಕು. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಲೇಬೇಡಿ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಟೇಪು ಹಳದಿಯಾಗಿ ಉದುರುತ್ತದೆ, ಅಂಟು ಮಾತ್ರ ಕಾಗದದಲ್ಲೇ ಉಳಿದು ಪಕ್ಕದ ಪುಟವನ್ನೂ ಹಿಡಿಯುತ್ತದೆ. ತೆಳುವಾದ ಟಿಶ್ಯೂ ಕಾಗದವನ್ನು ಕತ್ತರಿಯಿಂದ ಕತ್ತರಿಸದೆ ಕೈಯಲ್ಲಿ ಹರಿದು, ಆ ಎಳೆಯಂಚಿನ ಪಟ್ಟಿಯನ್ನು ಮೈದಾ ಅಂಟಿನಿಂದ ಹಚ್ಚಿದರೆ ಅಕ್ಷರವೂ ಕಾಣುತ್ತದೆ, ಪುಟವೂ ಮಡಚುತ್ತದೆ. ಇದನ್ನು ಕಲಿತ ಮಗು ಆಮೇಲೆ ಪುಸ್ತಕದ ಮೂಲೆ ಮಡಚುವುದಿಲ್ಲ.

ಈ ಆರು ವಾರ ಎರವಲು ಕೊಡುವುದೂ ಸಲೀಸು. ಪುಸ್ತಕದ ಪರಿಗ್ರಹಣ ಸಂಖ್ಯೆ (ಗ್ರಂಥಾಲಯದ ವಹಿಯಲ್ಲಿ ಪುಸ್ತಕ ದಾಖಲಾದ ಸಂಖ್ಯೆ), ಮಗುವಿನ ಹೆಸರು, ಕೊಟ್ಟ ದಿನ, ಒಂದು ಸಹಿ. ಹಿಂದಿನ ಪುಟದ ದಿನಾಂಕ ಚೀಟಿಯ ಮೇಲೆ ಒಂದು ಮುದ್ರೆ. ಮಕ್ಕಳೇ ಸರದಿಯಲ್ಲಿ ವಹಿ ಬರೆಯುತ್ತಾರೆ.

ಶಾಲೆ ಶುರುವಾದ ವಾರ ಹುರಿ ಇಳಿಯುತ್ತದೆ, ಪುಸ್ತಕಗಳು ಬೀರು ಸೇರುತ್ತವೆ, ಬೀಗ ಬೀಳುತ್ತದೆ. ಆಮೇಲೆ ಪುಸ್ತಕ ಬೇಕೆಂದರೆ ಹೆಸರು ಹೇಳಿ ಕೇಳಬೇಕು. ಒಳಗೆ ಏನಿದೆ ಎಂದು ಕಾಣದ ಮಗು ಯಾವ ಹೆಸರು ಹೇಳೀತು? ದೊಡ್ಡವರೂ ಅಷ್ಟೇ, ಪತ್ರಿಕೆ ಓದಿ ಎದ್ದು ಹೋಗುತ್ತಾರೆ. ಬೀಗದ ಕೈ ಕೇಳಿದರೆ ‘ನಾಳೆ ಬನ್ನಿ’ ಎಂಬ ಉತ್ತರ ಸಿಗುವ ದಿನಗಳೇ ಹೆಚ್ಚು. ಇದು ಬೇಸರ ತರಿಸುತ್ತದೆ, ಮುಚ್ಚಿಟ್ಟು ಹೊಗಳಲಾರೆ.

ಹಾಗೆಂದು ಮೇಲ್ವಿಚಾರಕಿಯ ಮೇಲೆ ಸಿಟ್ಟು ಮಾಡಿಕೊಂಡರೆ ಅನ್ಯಾಯವಾಗುತ್ತದೆ. ಅವರದು ಕಡಿಮೆ ಸಂಬಳದ ಕೆಲಸ. ಪುಸ್ತಕ ಕಾಣೆಯಾದರೆ ಉತ್ತರ ಕೊಡಬೇಕಾದವರು ಅವರೊಬ್ಬರೇ. ದಾಸ್ತಾನು ಪರಿಶೀಲನೆಗೆ ಬಂದವರು ಪರಿಗ್ರಹಣ ವಹಿ ಹಿಡಿದು ಎಷ್ಟು ಪುಸ್ತಕ ಇವೆ ಎಂದು ಎಣಿಸುತ್ತಾರೆ, ಎಷ್ಟು ಪುಸ್ತಕ ಓದುಗರ ಮನೆಗೆ ಹೋಗಿ ಬಂದವು ಎಂದು ಕೇಳುವುದಿಲ್ಲ. ಹೀಗಿರುವಾಗ ಬೀಗ ಹಾಕುವುದೇ ಅವರಿಗೆ ಕ್ಷೇಮ. ಬೇಸಿಗೆಯಲ್ಲಿ ಮಾತ್ರ ಶಿಬಿರದ ವರದಿ, ಫೋಟೊ ಮೇಲಕ್ಕೆ ಹೋಗಬೇಕಾದ್ದರಿಂದ ಬೀರು ತೆರೆಯುವ ಧೈರ್ಯ ಬರುತ್ತದೆ.

ಪುಸ್ತಕ ಇರುವುದು ಬಳಕೆಗೆ ಎಂಬುದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಗ್ರಂಥಾಲಯ ಸೂತ್ರಗಳಲ್ಲಿ ಮೊದಲನೆಯದು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಸೂತ್ರ ಹಾಗಿರಲಿ, ಸರ್ಕಾರದ ಲೆಕ್ಕದ ನಿಯಮವೇ ಇಷ್ಟು ಬಿಗಿಯಾಗಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ 1,000 ಸಂಪುಟಕ್ಕೆ 5 ಕಾಣೆಯಾದರೆ ಸಹಜವೆಂದು ಒಪ್ಪುತ್ತವೆ; ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೆ. 1,000 ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಕಡ್ಡಾಯ. ಈ ನಿಯಮ ಕೇಂದ್ರದ ಕಚೇರಿಗಳಿಗೆ, ಪಂಚಾಯಿತಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಐವತ್ತು ರೂಪಾಯಿಯ ಚಿತ್ರಪುಸ್ತಕಕ್ಕೆ ಹೆದರಿ ಇಡೀ ಬೀರಿಗೆ ಬೀಗ ಹಾಕುವ ನಮ್ಮ ಪದ್ಧತಿಗೆ ಈ ಅಳತೆ ಒಳ್ಳೆಯ ಉತ್ತರ.

ಬೀಗದೊಳಗೆ ಪುಸ್ತಕ ಸುರಕ್ಷಿತ ಎಂಬುದೂ ಪೂರ್ತಿ ನಿಜವಲ್ಲ. ಹೊರಗೋಡೆಗೆ ಆತುಕೊಂಡ ಕಬ್ಬಿಣದ ಬೀರಿನಲ್ಲಿ ಮಳೆಗಾಲದ ತೇವ ಒಳಗೇ ನಿಲ್ಲುತ್ತದೆ. ಗಾಳಿಯಾಡದೆ ರಟ್ಟಿನ ಮೇಲೆ ಬೂಷ್ಟು ಬರುತ್ತದೆ, ಬೆನ್ನಿನ ಅಂಟು ತಿನ್ನಲು ಬೆಳ್ಳಿಹುಳು ಸೇರುತ್ತದೆ. ಗೋಡೆಗೂ ಬೀರಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕು, ಬಿಸಿಲಿರುವ ದಿನ ಬಾಗಿಲು ತೆರೆದಿಡಬೇಕು. ನುಸಿಗುಳಿಗೆಯ ವಾಸನೆ ಬೂಷ್ಟನ್ನು ತಡೆಯುವುದಿಲ್ಲ. ಇನ್ನೊಂದು ತೊಂದರೆ ಒತ್ತಾಗಿ ತುಂಬುವುದು. ಬಿಗಿಯಾಗಿ ನಿಂತ ಪುಸ್ತಕವನ್ನು ಬೆನ್ನಿನ ತುದಿಗೆ ಬೆರಳು ಹಾಕಿ ಎಳೆದರೆ ಮೊದಲು ಹರಿಯುವುದು ಬೆನ್ನೇ. ಅಕ್ಕಪಕ್ಕದ ಎರಡು ಪುಸ್ತಕ ಹಿಂದಕ್ಕೆ ತಳ್ಳಿ, ಬೇಕಾದದ್ದನ್ನು ನಡುಬೆನ್ನಿನಲ್ಲಿ ಹಿಡಿದು ತೆಗೆಯಬೇಕು.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಎಲ್ಲ ಬೀರು ತೆರೆಯುವುದು ಬೇಡ. ಮೇಲ್ವಿಚಾರಕಿಯ ಮೇಜಿನೆದುರು, ಕಣ್ಣಿಗೆ ಕಾಣುವ ಕಡೆ ಬಾಗಿಲಿಲ್ಲದ ಒಂದು ಕಪಾಟು. ಕೆಳಗಿನ ಎರಡು ಅಂತಸ್ತು ಮಕ್ಕಳಿಗೆ, ಮೇಲಿನದು ದೊಡ್ಡವರಿಗೆ. ಐವತ್ತು ಪುಸ್ತಕ, ಅವುಗಳ ಪಟ್ಟಿ ಕಪಾಟಿನ ಪಕ್ಕಕ್ಕೆ ಅಂಟಿಸಿರಲಿ. ಶನಿವಾರ ಮಕ್ಕಳೇ ಪಟ್ಟಿ ಹಿಡಿದು ಎಣಿಸಿದರೆ ಹತ್ತು ನಿಮಿಷದ ಕೆಲಸ. ತಿಂಗಳಿಗೊಮ್ಮೆ ಐವತ್ತನ್ನೂ ಬದಲಿಸಿದರೆ ವರ್ಷದಲ್ಲಿ 600 ಪುಸ್ತಕ ಬೆಳಕು ಕಾಣುತ್ತವೆ. ಹಣದ ಮಾತು ಬಂದರೆ, ನಮ್ಮ ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ ಎಂದು ನೂರಕ್ಕೆ 6 ರೂಪಾಯಿ ಸೇರಿರುತ್ತದೆ. 1,000 ರೂಪಾಯಿ ಕಂದಾಯ ಕಟ್ಟುವ ಮನೆಯಿಂದ 60. ಒಂದು ಮನೆಯ ಕರ ವರ್ಷಕ್ಕೆ ಒಂದು ಮಕ್ಕಳ ಪುಸ್ತಕದ ಬೆಲೆ.

ಬೇಸಿಗೆಗೆ ಐದಕ್ಕೆ ನಾಲ್ಕೂವರೆ ನಕ್ಷತ್ರ, ಉಳಿದ ತಿಂಗಳುಗಳಿಗೆ ಎರಡು, ಅದೂ ಪತ್ರಿಕೆಯ ಮೇಜಿಗಾಗಿ. ಮಕ್ಕಳಿರುವವರು ಮೇ ಮೂರನೇ ವಾರದೊಳಗೆ ಬಂದು ಬೇಕಾದ ಪುಸ್ತಕಗಳ ಪರಿಗ್ರಹಣ ಸಂಖ್ಯೆ ಬರೆದಿಟ್ಟುಕೊಳ್ಳಿ. ಜೂನ್‌ನಲ್ಲಿ ಸಂಖ್ಯೆ ಹೇಳಿ ಕೇಳಿದರೆ ಹುಡುಕುವ ಕೆಲಸ ಕಡಿಮೆಯಾಗಿ ಪುಸ್ತಕ ಅಂದೇ ಸಿಗುತ್ತದೆ. ಗ್ರಾಮಸಭೆಗೆ ಹೋಗುವವರು ಎರಡು ವಿಷಯ ಬರವಣಿಗೆಯಲ್ಲಿ ಕೊಡಿ: ತೆರೆದ ಕಪಾಟು ಒಂದು, ಸವೆದ ಮತ್ತು ಕಳೆದ ಮಕ್ಕಳ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಲೆಕ್ಕದಿಂದ ತೆಗೆಯುವ ಠರಾವು ಒಂದು. ಎರಡನೆಯದು ಇಲ್ಲದೆ ಮೊದಲನೆಯದು ಮಾತ್ರ ಬಂದರೆ, ಮೊದಲ ಪುಸ್ತಕ ಕಾಣೆಯಾದ ದಿನವೇ ಆ ಕಪಾಟಿಗೂ ಬಾಗಿಲು ಬರುತ್ತದೆ.