ಓಪನ್‌ಎಂಸಿ: ವಿಭಾಗದ ಕಂಪ್ಯೂಟರಿನಲ್ಲಿ ಒಂದು ರಿಯಾಕ್ಟರ್

ಎಂ.ಎಸ್ಸಿ. ತರಗತಿಗಳಲ್ಲಿ ರಿಯಾಕ್ಟರ್ ಭೌತವಿಜ್ಞಾನ ಕಲಿಸುವವರಿಗೆ ಬಹುಕಾಲದಿಂದ ಒಂದು ತೊಡಕಿದೆ. ಸರಪಳಿ ಕ್ರಿಯೆ ಮುಂದುವರಿಯುತ್ತದೆಯೇ ಎಂದು ಅಂದಾಜಿಸುವ ನಾಲ್ಕು ಅಂಶಗಳ ಸೂತ್ರವನ್ನೂ ನ್ಯೂಟ್ರಾನುಗಳ ಹರಡುವಿಕೆಯನ್ನು ಹೇಳುವ ವಿಸರಣ ಸಮೀಕರಣವನ್ನೂ ಕಪ್ಪುಹಲಗೆಯ ಮೇಲೆ ಬಿಡಿಸಬಹುದು, ಆದರೆ ಅವು ಎಲ್ಲಿ ಸರಿಯಾಗುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ವಿದ್ಯಾರ್ಥಿಯೇ ಪರೀಕ್ಷಿಸಿ ನೋಡಲು ದಾರಿಯಿರಲಿಲ್ಲ. ರಿಯಾಕ್ಟರ್ ಅಂತೂ ಕಾಲೇಜಿನಲ್ಲಿ ಇರುವಂಥದ್ದಲ್ಲ. ಅದರ ಬದಲಿಗೆ ಬಳಸಬಹುದಾದ, ನ್ಯೂಟ್ರಾನುಗಳ ಚಲನೆಯನ್ನು ಲೆಕ್ಕಹಾಕುವ ಎಂಸಿಎನ್‌ಪಿಯಂಥ ಹೆಸರಾಂತ ತಂತ್ರಾಂಶಗಳು ಅಮೆರಿಕದ ರಫ್ತು ನಿಯಂತ್ರಣದ ಅಡಿಯಲ್ಲಿದ್ದು, ಪ್ರತಿಯೊಬ್ಬ ಬಳಕೆದಾರನೂ ಹೆಸರು ಸಮೇತ ಪರವಾನಗಿ ಪಡೆಯಬೇಕು. ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಇದು ಹೊಂದುವ ವ್ಯವಸ್ಥೆಯಲ್ಲ. 2011ರಲ್ಲಿ ಎಂಐಟಿಯಲ್ಲಿ ಪಾಲ್ ರೊಮಾನೊ ಅವರಿಂದ ಆರಂಭವಾಗಿ, ಈಗ ಮುಖ್ಯವಾಗಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಹಲವು ವಿಶ್ವವಿದ್ಯಾಲಯಗಳ ಕೈಯಲ್ಲಿ ಬೆಳೆಯುತ್ತಿರುವ ಓಪನ್‌ಎಂಸಿ ಎಂಬ ತಂತ್ರಾಂಶ ಈ ತೊಡಕನ್ನು ಬಹುಮಟ್ಟಿಗೆ ಕಳೆದಿದೆ. ಇದು ಉಚಿತ, ಮೂಲಸಂಕೇತವೂ ಮುಕ್ತ. ಸ್ನಾತಕೋತ್ತರ ಬೋಧನೆಯಲ್ಲಿ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬ ಒಂದೇ ದೃಷ್ಟಿಯಿಂದ ಈ ವಿಮರ್ಶೆ.

ತಂತ್ರಾಂಶ ಮಾಡುವ ಕೆಲಸವನ್ನು ಸಂಕ್ಷೇಪವಾಗಿ ಹೇಳಬಹುದು. ವಿದಳನದಲ್ಲಿ ಹುಟ್ಟಿದ ಒಂದೊಂದು ನ್ಯೂಟ್ರಾನನ್ನೂ ಅದು ಹೀರಿಹೋಗುವವರೆಗೆ ಅಥವಾ ವ್ಯವಸ್ಥೆಯಿಂದ ಹೊರಬೀಳುವವರೆಗೆ ಮಾಂಟೆ ಕಾರ್ಲೊ ವಿಧಾನದಲ್ಲಿ, ಅಂದರೆ ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ, ಹಿಂಬಾಲಿಸಿ, ಒಂದು ಪೀಳಿಗೆಯ ನ್ಯೂಟ್ರಾನುಗಳ ಸಂಖ್ಯೆ ಅದರ ಹಿಂದಿನ ಪೀಳಿಗೆಯದರ ಎಷ್ಟು ಪಟ್ಟು ಎಂಬ ಅನುಪಾತವನ್ನು, ಅಂದರೆ ಗುಣನ ಗುಣಾಂಕ ಕೆ ಎಂಬುದನ್ನು, ಅದರ ಸಾಂಖ್ಯಿಕ ದೋಷದೊಂದಿಗೆ ಕೊಡುತ್ತದೆ. ಜ್ಯಾಮಿತಿ, ವಸ್ತುಗಳು, ಎಣಿಕೆಗಳು (ಯಾವ ಘಟನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಸೂಚನೆಗಳು) ಎಲ್ಲವನ್ನೂ ಪೈಥಾನಿನಲ್ಲಿ ಬರೆಯಬಹುದಾದ್ದರಿಂದ ಇಂದಿನ ವಿದ್ಯಾರ್ಥಿಗಳಿಗೆ ಹೊಸ ಭಾಷೆಯೊಂದನ್ನು ಕಲಿಯುವ ಹೊರೆ ಇಲ್ಲ.

ಅನುಸ್ಥಾಪನೆ ಲಿನಕ್ಸ್‌ನಲ್ಲಿ ಸಲೀಸು. ವಿಂಡೋಸ್ ಇರುವವರು ಅದರೊಳಗಿನ ಲಿನಕ್ಸ್ ಉಪವ್ಯವಸ್ಥೆಯನ್ನೋ ತಂತ್ರಾಂಶಗಳನ್ನು ಪೊಟ್ಟಣವಾಗಿ ಓಡಿಸುವ ಡಾಕರ್ ಅನ್ನೋ ಆಶ್ರಯಿಸಬೇಕು. ತಂತ್ರಾಂಶದ ಜೊತೆಗೆ ಪರಮಾಣು ದತ್ತಾಂಶ ಬರುವುದಿಲ್ಲ. ನ್ಯೂಟ್ರಾನು ಯಾವ ನ್ಯೂಕ್ಲಿಯಸ್ಸಿನೊಂದಿಗೆ ಎಷ್ಟು ಸಂಭವನೀಯತೆಯಿಂದ ವರ್ತಿಸುತ್ತದೆ ಎಂಬುದನ್ನು ಹೇಳುವ ಅಡ್ಡಛೇದಗಳ ಗ್ರಂಥಾಲಯವನ್ನು (ಇಎನ್‌ಡಿಎಫ್) ಬೇರೆಯಾಗಿ ಇಳಿಸಿಕೊಂಡು, ಕಡತ ಎಲ್ಲಿದೆ ಎಂಬುದನ್ನು ತಂತ್ರಾಂಶಕ್ಕೆ ತಿಳಿಸಬೇಕಾಗುತ್ತದೆ. ಕಡತ ಜಿಗಾಬೈಟುಗಳ ಲೆಕ್ಕದಲ್ಲಿರುವುದರಿಂದ ಕಾಲೇಜಿನ ಇಂಟರ್‌ನೆಟ್ ನಂಬಿ ತರಗತಿಯ ಹೊತ್ತಿನಲ್ಲಿ ಇದಕ್ಕೆ ಕೈಹಾಕದಿರುವುದು ಒಳ್ಳೆಯದು.

ಮೊದಲ ಪರೀಕ್ಷೆಗೆ ಗೊಡೈವಾದಷ್ಟು ತಕ್ಕದ್ದು ಇನ್ನೊಂದಿಲ್ಲ. 1950ರ ದಶಕದಲ್ಲಿ ಲಾಸ್ ಅಲಾಮೋಸ್‌ನಲ್ಲಿ ಪ್ರಯೋಗಕ್ಕೊಳಗಾದ ಈ ಸಂವರ್ಧಿತ ಯುರೇನಿಯಂ ಗೋಳಕ್ಕೆ ನ್ಯೂಟ್ರಾನುಗಳನ್ನು ನಿಧಾನಗೊಳಿಸುವ ಮಂದಕವೂ ಇಲ್ಲ, ಹೊರಹೋಗುವವನ್ನು ಹಿಂದಕ್ಕೆ ಕಳಿಸುವ ಪ್ರತಿಫಲಕವೂ ಇಲ್ಲ. ಪ್ರಯೋಗದ ಅಳತೆಗಳನ್ನು ಆದರ್ಶ ಗೋಳವೊಂದಕ್ಕೆ ಇಳಿಸಿದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕೆ ಮೌಲ್ಯ 1.000 (ಸರಪಳಿ ಕ್ರಿಯೆ ಏರದೆ ಇಳಿಯದೆ ನಡೆಯುವ ಸ್ಥಿತಿ), ಅನಿಶ್ಚಿತತೆ 0.001. ಓಪನ್‌ಎಂಸಿಯಲ್ಲಿ ಇದನ್ನು ಬರೆಯಲು ಒಂದು ಗೋಳ, ಒಂದು ವಸ್ತು ಸಾಕು. ಲೆಕ್ಕ ಮುಗಿದಾಗ ಪರದೆಯ ಮೇಲೆ ಸಂಘಟ್ಟನೆ, ಪಥದ ಉದ್ದ, ಹೀರಿಕೆ ಎಂಬ ಮೂರು ಬಗೆಯ ಅಂದಾಜುಗಳಿಂದ ಬಂದ ಕೆ ಮೌಲ್ಯಗಳೂ ಅವನ್ನು ಕೂಡಿಸಿದ ಒಂದು ಮೌಲ್ಯವೂ ಸಾಲಾಗಿ ಮೂಡುತ್ತವೆ. ಇಎನ್‌ಡಿಎಫ್‌ನ ಎಂಟನೆಯ ಆವೃತ್ತಿಯ ದತ್ತಾಂಶದೊಂದಿಗೆ ಉತ್ತರ ಪ್ರಯೋಗದ ಅನಿಶ್ಚಿತತೆಯೊಳಗೇ ಬೀಳುತ್ತದೆ. ನನಗೆ ಅದಕ್ಕಿಂತ ಬೆಲೆಬಾಳುವುದೆನಿಸಿದ್ದು ಅದರ ಕೆಳಗಿನ ಸಾಲು, ಅಂದರೆ ಸೋರಿಕೆಯ ಪ್ರಮಾಣ. ಹುಟ್ಟಿದ ನ್ಯೂಟ್ರಾನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೋಳದಿಂದ ಹೊರಗೆ ಹೋಗುತ್ತವೆ. ನ್ಯೂಟ್ರಾನಿನ ಸರಾಸರಿ ಮುಕ್ತಪಥ (ಒಂದು ಡಿಕ್ಕಿಯಿಂದ ಮುಂದಿನದಕ್ಕೆ ಸಾಗುವ ದೂರ) ಗೋಳದ ತ್ರಿಜ್ಯಕ್ಕೆ ಹೋಲಿಸಬಹುದಾದಷ್ಟು ದೊಡ್ಡದಿರುವಾಗ ವಿಸರಣ ಸಿದ್ಧಾಂತ ಏಕೆ ಸೋಲುತ್ತದೆ ಎಂಬುದಕ್ಕೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಇದೇ ಗೋಳದ ಮೇಲೆ ವಿಳಂಬಿತ ನ್ಯೂಟ್ರಾನುಗಳ, ಅಂದರೆ ವಿದಳನದ ಕ್ಷಣದಲ್ಲಲ್ಲದೆ ಅದರ ತುಣುಕುಗಳಿಂದ ತಡವಾಗಿ ಹೊರಬರುವವುಗಳ, ಪಾಲನ್ನೂ ಅಂದಾಜು ಮಾಡಬಹುದು. ವಿಳಂಬಿತ ನ್ಯೂಟ್ರಾನುಗಳನ್ನು ಸೃಷ್ಟಿಸಬೇಡವೆಂದು ಒಂದೇ ಸಾಲಿನಲ್ಲಿ ತಿಳಿಸಿ ಲೆಕ್ಕವನ್ನು ಮತ್ತೊಮ್ಮೆ ಓಡಿಸಿದರೆ, ಎರಡು ಕೆ ಮೌಲ್ಯಗಳ ವ್ಯತ್ಯಾಸದಿಂದ ಆ ಪಾಲು ಸಿಗುತ್ತದೆ. ಯುರೇನಿಯಂ-235ಕ್ಕೆ ಅದು ಸುಮಾರು 0.0065. ಇಲ್ಲೊಂದು ಎಚ್ಚರ ಬೇಕು. ಪ್ರತಿ ಲೆಕ್ಕದ ದೋಷ 0.0005 ಎಂದು ಇಟ್ಟುಕೊಂಡರೆ ವ್ಯತ್ಯಾಸದ ದೋಷ 0.0007ರ ಹತ್ತಿರ, ಅಂದರೆ ಉತ್ತರದ ಶೇಕಡ 11ರಷ್ಟು ಆಗುತ್ತದೆ. ಅದನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಬೇಕಾದರೆ ನ್ಯೂಟ್ರಾನುಗಳ ಸಂಖ್ಯೆಯನ್ನು ನೂರು ಪಟ್ಟು ಹೆಚ್ಚಿಸಬೇಕು. ಲ್ಯಾಪ್‌ಟಾಪಿನಲ್ಲಿ ಕುಳಿತ ವಿದ್ಯಾರ್ಥಿಗೆ ವರ್ಗಮೂಲದ ಈ ನಿಯಮ ಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾಗುತ್ತದೆ.

ಆದರೆ ಓಪನ್‌ಎಂಸಿಯ ನಿಜವಾದ ಬೆಲೆ ತಿಳಿಯುವುದು ಭಾರಜಲದ ರಿಯಾಕ್ಟರಿಗೆ ಬಂದಾಗ. ಕೈಗಾದಲ್ಲಿರುವ 220 ಮೆಗಾವ್ಯಾಟಿನ ನಾಲ್ಕು ಘಟಕಗಳೂ ಈ ಬಗೆಯವು. ಒಂದೊಂದರಲ್ಲಿ 306 ಅಡ್ಡ ಕೊಳವೆಗಳು, ಪ್ರತಿ ಕೊಳವೆಯಲ್ಲಿ 12 ಇಂಧನ ಕಂತೆಗಳು, ಪ್ರತಿ ಕಂತೆಯಲ್ಲಿ ಸ್ವಾಭಾವಿಕ ಯುರೇನಿಯಂ ಆಕ್ಸೈಡಿನ 19 ಸರಳುಗಳು: ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು. ಇಂಥ ಒಂದು ಕೊಳವೆಯನ್ನು ಒತ್ತಡನಾಳ, ಅನಿಲದ ತೆರಪು, ಹೊರನಾಳಗಳ ಸಮೇತ 22.86 ಸೆಂಟಿಮೀಟರಿನ ಚೌಕದೊಳಗೆ ಕೂರಿಸಿ, ನಾಲ್ಕೂ ಬದಿಗೆ ಪ್ರತಿಫಲಿಸುವ ಗಡಿ ಕೊಟ್ಟರೆ, ಇಂಥ ಕೊಳವೆಗಳು ಕೊನೆಯಿಲ್ಲದೆ ಸಾಲಾಗಿರುವ ಅನಂತ ಜಾಲಕದ ಮಾದರಿ ಸಿದ್ಧ. ವರ್ತುಲಾಕಾರದಲ್ಲಿ ಸರಳುಗಳನ್ನು ಜೋಡಿಸುವ ಕೆಲಸವನ್ನು ಪೈಥಾನಿನ ಒಂದು ಲೂಪಿಗೆ ಬಿಡಬಹುದು.

ಈಗ ಒತ್ತಡನಾಳದೊಳಗಿನ ಭಾರಜಲವನ್ನು ಮಾತ್ರ ತೆಗೆದು ಹೊರಗಿನ ಮಂದಕವನ್ನು ಹಾಗೆಯೇ ಬಿಟ್ಟರೆ ಕೆ ಮೌಲ್ಯ ಇಳಿಯುವುದಿಲ್ಲ, ಏರುತ್ತದೆ. ಶೀತಕ ಹೋದರೆ ಸರಪಳಿ ಕ್ರಿಯೆ ತಾನಾಗಿ ಕುಂದಬೇಕೆಂದು ಹಗುರ ನೀರಿನ ರಿಯಾಕ್ಟರಿನ ಪಾಠದಿಂದ ನಿರೀಕ್ಷಿಸುವವರಿಗೆ ಇದು ಅಚ್ಚರಿಯೇ. ಕಾರಣವನ್ನು ಪುಸ್ತಕದಿಂದ ಎತ್ತಿ ಹೇಳಬೇಕಾಗಿಲ್ಲ, ಶಕ್ತಿವಾರು ಎಣಿಕೆಗಳನ್ನು ಹಾಕಿ ನೋಡಬಹುದು: ಕಂತೆಯೊಳಗೆ ನ್ಯೂಟ್ರಾನುಗಳು ನಿಧಾನಗೊಳ್ಳುವುದು ಕಡಿಮೆಯಾಗುವುದರಿಂದ ಯುರೇನಿಯಂ-238ರಲ್ಲಿ ವೇಗದ ವಿದಳನ ತುಸು ಹೆಚ್ಚುತ್ತದೆ, ಕೆಲವು ನಿರ್ದಿಷ್ಟ ಶಕ್ತಿಗಳಲ್ಲಿ ಮಾತ್ರ ತೀವ್ರವಾಗುವ ಅನುರಣನ ಹೀರಿಕೆ ತುಸು ತಗ್ಗುತ್ತದೆ. ಸಿದ್ಧಾಂತದ ಒಂದು ವಾಕ್ಯವನ್ನು ಹೀಗೆ ಬಿಡಿ ಸಂಖ್ಯೆಗಳಾಗಿ ಒಡೆದು ತೋರಿಸುವ ಅನುಕೂಲ ನನ್ನ ಮಟ್ಟಿಗೆ ಈ ತಂತ್ರಾಂಶದ ಅತ್ಯುತ್ತಮ ಗುಣ.

ದೋಷಗಳೂ ಇವೆ, ಅವು ಕಡೆಗಣಿಸುವಂಥವಲ್ಲ. ಹೊರಗಿನ ಮೇಲ್ಮೈಗಳಲ್ಲಿ ಒಂದಕ್ಕೆ ಗಡಿಯ ಬಗೆಯನ್ನು ಸೂಚಿಸಲು ಮರೆತರೆ ನ್ಯೂಟ್ರಾನ್ ಅದನ್ನು ದಾಟಿ ಎಲ್ಲೂ ಸೇರದ ಜಾಗಕ್ಕೆ ಹೋಗುತ್ತದೆ, ಕಣಗಳು ಕಳೆದುಹೋದವೆಂಬ ಸಂದೇಶದೊಂದಿಗೆ ಲೆಕ್ಕ ನಿಲ್ಲುತ್ತದೆ. ಇದಾದರೂ ಕಣ್ಣಿಗೆ ಬೀಳುವ ತಪ್ಪು. ಭಾರಜಲದಲ್ಲಿ ಬಂಧಿತವಾಗಿರುವ ಡ್ಯುಟೇರಿಯಂನ (ಭಾರ ಹೈಡ್ರೋಜನ್ನಿನ) ಉಷ್ಣ ಚದುರುವಿಕೆಯ ದತ್ತಾಂಶವನ್ನು ಸೇರಿಸಲು ಮರೆತರೆ ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಡದೆ ಡ್ಯುಟೇರಿಯಂ ಅನ್ನು ಮುಕ್ತ ಅನಿಲವೆಂದೇ ಭಾವಿಸಿ ಉತ್ತರ ಕೊಟ್ಟುಬಿಡುತ್ತದೆ. ಐದು ದಶಮಾಂಶ ಸ್ಥಾನಗಳವರೆಗೆ ಅಚ್ಚುಕಟ್ಟಾಗಿ ಮುದ್ರಿತವಾದ ತಪ್ಪು ಉತ್ತರವನ್ನು ವಿದ್ಯಾರ್ಥಿ ಅನುಮಾನಿಸುವುದು ಅಪರೂಪ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಗೊಡೈವಾದಂಥ ಪುಟ್ಟ ವ್ಯವಸ್ಥೆಯಲ್ಲಿ ವಿದಳನ ಮೂಲದ ಹಂಚಿಕೆ ಕೆಲವೇ ಪೀಳಿಗೆಗಳಲ್ಲಿ ಸ್ಥಿರವಾಗುತ್ತದೆ. ಹಲವು ಮೀಟರ್ ಅಗಲದ ಭಾರಜಲದ ರಿಯಾಕ್ಟರಿನ ಗರ್ಭದಲ್ಲಿ ಹಾಗಲ್ಲ. ಅಲ್ಲಿ ಕೆ ಮೌಲ್ಯ ಬೇಗ ನೆಲೆಗೊಂಡಂತೆ ಕಂಡರೂ ಹಂಚಿಕೆ ಇನ್ನೂ ಸರಿಯುತ್ತಲೇ ಇರುತ್ತದೆ. ಹಂಚಿಕೆ ಎಷ್ಟು ಹರಡಿದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಶ್ಯಾನನ್ ಎಂಟ್ರೊಪಿಯನ್ನು ಪೀಳಿಗೆವಾರು ಮುದ್ರಿಸುವ ಸೌಲಭ್ಯ ಇದಕ್ಕೆಂದೇ ಇದೆ. ಆದರೆ ಅದಕ್ಕೆ ಜಾಲರಿಯನ್ನು ನಾವೇ ಗೊತ್ತುಪಡಿಸಬೇಕು, ಎಷ್ಟು ಪೀಳಿಗೆಗಳನ್ನು ಬಿಟ್ಟುಬಿಡಬೇಕೆಂಬ ತೀರ್ಮಾನವೂ ನಮ್ಮದೇ.

ತಾಪಮಾನವೂ ಶಕ್ತಿಯೂ ಒಂದನ್ನೊಂದು ಪ್ರಭಾವಿಸುವ ಲೆಕ್ಕ ಇದೊಂದರಿಂದಲೇ ಆಗುವುದಿಲ್ಲ, ಉಷ್ಣ-ದ್ರವ ಲೆಕ್ಕದ ಬೇರೆ ತಂತ್ರಾಂಶದೊಂದಿಗೆ ಜೋಡಿಸಬೇಕು. ಇಂಧನ ಸವೆಯುವ ಲೆಕ್ಕ ಇದರೊಳಗೇ ಇದೆ, ಚೆನ್ನಾಗಿಯೂ ಇದೆ. ಆದರೆ ನೂರಾರು ನ್ಯೂಕ್ಲೈಡುಗಳ ಅಡ್ಡಛೇದಗಳು ಒಟ್ಟಿಗೆ ಸ್ಮೃತಿಗೆ ಏರುವುದರಿಂದ ವಿಭಾಗದ ಹಳೆಯ ಗಣಕಗಳು ಅದಕ್ಕೆ ಸಾಲುವುದಿಲ್ಲ. ಪ್ರಾಜೆಕ್ಟಿಗೆ ಆ ವಿಷಯ ಕೊಡುವುದಿದ್ದರೆ ಯಾವ ನ್ಯೂಕ್ಲೈಡು ಯಾವುದಾಗಿ ಮಾರ್ಪಡುತ್ತದೆ ಎಂಬ ಪಟ್ಟಿಯ, ಅಂದರೆ ಕ್ಷಯಸರಣಿಯ, ಸಂಕ್ಷಿಪ್ತ ಕಡತವನ್ನು ಆರಿಸಿಕೊಂಡು ಒಂದೇ ಸರಳಿನ ಮಾದರಿಗೆ ನಿಲ್ಲಿಸುವುದು ಸರಿ. ಹತ್ತೊಂಬತ್ತು ಸರಳುಗಳ ಕಂತೆಯ ಸವಕಳಿಯನ್ನು ಸರಳು ಸರಳಿಗೂ ಬೇರೆಯಾಗಿ ಲೆಕ್ಕಹಾಕಲು ಹೊರಡುವವರು ಮೊದಲು ಸರ್ವರ್ ಒಂದರಲ್ಲಿ ಜಾಗ ಕೇಳಿಟ್ಟುಕೊಳ್ಳಲಿ.