ಇಪ್ಪತ್ತು ವರ್ಷ ಬಾಂಡ್ ಸಂಗೀತ ಕೇಳಿದ ಮೇಲೆ: ಬರೀ ಹಾಡುಗಳ ಸಿಡಿ ಸಾಲದು

2004ರಲ್ಲಿ ಜೇಮ್ಸ್ ಬಾಂಡ್ ಚಿತ್ರಗಳ ಟೈಟಲ್ ಹಾಡುಗಳ ಸಂಕಲನ ಸಿಡಿಯೊಂದನ್ನು ಕೊಂಡೆ. ಅವತ್ತಿನಿಂದ ಈ ಸಂಗೀತ ನನ್ನ ಜೊತೆ ಇದೆ. ಮೊದಲು ಸಿಡಿ, ಆಮೇಲೆ ಎಂಪಿ3, ಈಗ ಫೋನು. ಇಷ್ಟು ವರ್ಷ ಕೇಳಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಹಾಡುಗಳ ಸಂಕಲನ ಕೊಂಡು ಅಲ್ಲಿಗೇ ನಿಲ್ಲಬೇಡಿ. ಅಸಲಿ ಸರಕು ಇರುವುದು ಹಿನ್ನೆಲೆ ಸಂಗೀತದಲ್ಲಿ.

ಹಾಡುಗಳು ಚೆನ್ನಾಗಿಲ್ಲ ಅಂತಲ್ಲ. 1964ರ 'ಗೋಲ್ಡ್‌ಫಿಂಗರ್'ನಲ್ಲಿ ಶೆರ್ಲಿ ಬ್ಯಾಸಿ ಕೊನೆಯಲ್ಲಿ ಹಿಡಿದು ನಿಲ್ಲಿಸುವ ಆ ಸ್ವರಕ್ಕೆ ಇವತ್ತಿಗೂ ಕೈಯಲ್ಲಿರುವ ಕೆಲಸ ನಿಲ್ಲುತ್ತದೆ. ಮೂರು ಬಾಂಡ್ ಚಿತ್ರಗಳಿಗೆ ಹಾಡಿದವರು ಆಕೆ. ಆದರೆ ಹದಿನೈದು ಇಪ್ಪತ್ತು ಟೈಟಲ್ ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಿ ನೋಡಿ, ಊಟವಿಲ್ಲದೆ ಬರೀ ಪಾಯಸ ಬಡಿಸಿದ ಹಾಗಾಗುತ್ತದೆ. ಎರಡೇ ವರ್ಷಕ್ಕೆ ನನಗೆ ಸಾಕಾಗಿ ಆ ಸಿಡಿ ಡಬ್ಬದೊಳಗೆ ಸೇರಿತು.

ಅದನ್ನು ಮತ್ತೆ ಹೊರಗೆ ತೆಗೆಸಿದ್ದು ಅಕ್ಕ. ಅವಳು ವೀಣೆ ಕಲಿತವಳು. ಒಂದು ಸಂಜೆ ಬಾಂಡ್ ಥೀಮ್, ಅಂದರೆ ಬಾಂಡ್ ಚಿತ್ರಗಳ ಗುರುತಿನ ಟ್ಯೂನು, ಹಾಕಿದ್ದಾಗ, ಗಿಟಾರಿನ ಹಿಂದೆ ಸುಮ್ಮನೆ ಸುತ್ತುತ್ತಿರುತ್ತದಲ್ಲ ನಾಲ್ಕು ಸ್ವರ, ಅದನ್ನು ತಂತಿಯ ಮೇಲೆ ಹುಡುಕಿದಳು. ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ ಧೈವತ. ಅಷ್ಟೇ. "ಎರಡು ಧೈವತ ಹೀಗೆ ಅಕ್ಕಪಕ್ಕ ಬಂದ್ರೆ ಕಿವಿಗೆ ನೆಮ್ಮದಿ ಇರಲ್ಲ ಕಣೋ, ಅದಕ್ಕೇ ಯಾರೋ ಹಿಂದೆ ಬರ್ತಿದ್ದಾರೆ ಅನ್ಸುತ್ತೆ" ಅಂದಳು. ಅಲ್ಲಿಂದ ನಾನು ಕೇಳುವ ರೀತಿಯೇ ಬದಲಾಯಿತು.

ಆ ಗಿಟಾರ್ ನುಡಿಸಿದವರು ವಿಕ್ ಫ್ಲಿಕ್. 1962ರಲ್ಲಿ ಮೊದಲ ಚಿತ್ರ 'ಡಾಕ್ಟರ್ ನೋ'ಗಾಗಿ ಲಂಡನ್ನಿನಲ್ಲಿ ರೆಕಾರ್ಡ್ ಆಯಿತು. ತಂತಿಯ ಸದ್ದು ಹಿಡಿಯುವ ಪಿಕಪ್ಪನ್ನು ಗಿಟಾರಿನ ಕುದುರೆಯ (ತಂತಿಗಳನ್ನು ಹೊರುವ ಬ್ರಿಡ್ಜ್) ಹತ್ತಿರ ಇಟ್ಟು, ಅದು ತಂತಿಗೆ ಇನ್ನಷ್ಟು ಹತ್ತಿರವಾಗಲಿ ಅಂತ ಕೆಳಗೆ ಅಪ್ಪಚ್ಚಿ ಮಾಡಿದ ಸಿಗರೇಟು ಪ್ಯಾಕು ತುರುಕಿದ್ದರಂತೆ. ಒಳ್ಳೆ ಹೆಡ್‌ಫೋನ್ ಹಾಕಿಕೊಂಡರೆ ಆ ಮೀಟಿನ ಗಡಸು ಗೊತ್ತಾಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಈ ಟ್ಯೂನಿನ ಮೂಲದಲ್ಲಿ ನಮ್ಮವರ ಕಥೆ ಇದೆ. ಸಂಗೀತಗಾರ ಮಾಂಟಿ ನಾರ್ಮನ್ ಇದನ್ನು ಮೊದಲು ಮಾಡಿದ್ದು, ಟ್ರಿನಿಡಾಡಿನ ಭಾರತೀಯ ಕುಟುಂಬವೊಂದರ ಬಗ್ಗೆ ವಿ.ಎಸ್. ನೈಪಾಲ್ ಬರೆದ ಕಾದಂಬರಿಯ ಸಂಗೀತ ನಾಟಕಕ್ಕೆ. ಆ ನಾಟಕ ರಂಗಕ್ಕೆ ಬರಲೇ ಇಲ್ಲ. ಹಾಡು ಇದ್ದದ್ದು ಯಾವುದರ ಬಗ್ಗೆ ಗೊತ್ತಾ? ಅಪಶಕುನದ ಸೀನು, ಅಂದರೆ ಆಕ್ಷಿ! ಸಿತಾರ್ ಛಾಯೆಯ ಆ ಟ್ಯೂನನ್ನೇ ಗಿಟಾರಿಗೆ ತಿರುಗಿಸಿದರು. ಅದಕ್ಕೆ ಬ್ಯಾಂಡಿನ ಅಬ್ಬರ ತುಂಬಿ ಇವತ್ತಿನ ರೂಪಕ್ಕೆ ತಂದವರು ಜಾನ್ ಬ್ಯಾರಿ. ಟ್ಯೂನು ಯಾರದು ಅನ್ನುವ ಜಗಳ ಕೋರ್ಟಿಗೂ ಹೋಗಿ, 2001ರಲ್ಲಿ ಒಂದು ಪತ್ರಿಕೆಯ ವಿರುದ್ಧದ ಮಾನನಷ್ಟ ಮೊಕದ್ದಮೆಯಲ್ಲಿ ನಾರ್ಮನ್ ಗೆದ್ದರು. ಇಬ್ಬರೂ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಬ್ಯಾರಿ ಆಮೇಲೆ 1987ರ ತನಕ ಹನ್ನೊಂದು ಚಿತ್ರಗಳಿಗೆ ಸಂಗೀತ ಕೊಟ್ಟರು. ಒಂದೇ ಆಲ್ಬಮ್ ಕೊಳ್ಳುವವರಿದ್ದರೆ 1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' ಕೊಳ್ಳಿ. ಅದರ ಟೈಟಲ್ ಸಂಗೀತದಲ್ಲಿ ಹಾಡುಗಾರರೇ ಇಲ್ಲ. ಟ್ರಂಪೆಟ್ಟು, ಟ್ರೊಂಬೋನುಗಳ ಕೆಳಗೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಗುಡುಗುತ್ತಾ ಇಳಿಯುತ್ತದೆ. ಆಗ ಅದು ತೀರಾ ಹೊಸ ವಾದ್ಯ. ಇದೇ ಆಲ್ಬಮ್ಮಿನಲ್ಲಿ ಜಾಜ್ ಗಾಯಕ, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಒಂದು ಹಾಡಿದೆ, ನಮಗೆ ಬೇಕಾದಷ್ಟು ಸಮಯವಿದೆ ಅನ್ನುವ ಭಾವದ್ದು. ಅಷ್ಟರಲ್ಲಿ ಅವರ ಆರೋಗ್ಯ ಕೆಟ್ಟಿತ್ತು, ಟ್ರಂಪೆಟ್ಟನ್ನು ಬೇರೆಯವರು ನುಡಿಸಬೇಕಾಯಿತು. ಚಿತ್ರದ ನಡುವೆ ಪ್ರೀತಿಯ ಹಾಡಾಗಿ ಬಂದ ಆ ಟ್ಯೂನು, ಕೊನೆಯಲ್ಲಿ ಬಾಂಡ್ ಗುಂಡೇಟಿಗೆ ಸತ್ತ ಹೆಂಡತಿಯನ್ನು ಹಿಡಿದುಕೊಂಡು ಕೂತಾಗ ಮೆಲ್ಲಗೆ ಮತ್ತೆ ಬರುತ್ತದೆ. ಸ್ವರ ಅದೇ, ಅರ್ಥ ಮಾತ್ರ ಪೂರ್ತಿ ತಿರುಗಿಬಿಡುತ್ತದೆ. 2021ರ 'ನೋ ಟೈಮ್ ಟು ಡೈ'ನಲ್ಲಿ ಹಾನ್ಸ್ ಜಿಮ್ಮರ್ ಅದನ್ನೇ ಎತ್ತಿಕೊಂಡರು. ಐವತ್ತೆರಡು ವರ್ಷದ ನಂತರ! ಥಿಯೇಟರಿನಲ್ಲಿ ಅದನ್ನು ಗುರುತಿಸಿದಾಗ ನನಗೆ ಕಣ್ಣು ತುಂಬಿ ಬಂತು. ಹಾಡುಗಳ ಸಿಡಿ ಮಾತ್ರ ಕೇಳಿದವರಿಗೆ ಇದು ಸಿಗುವುದಿಲ್ಲ.

ಆಮೇಲಿನವರಲ್ಲಿ ಡೇವಿಡ್ ಆರ್ನಲ್ಡ್ ನನಗೆ ಇಷ್ಟ. 2006ರ 'ಕ್ಯಾಸಿನೊ ರಾಯಲ್'ನಲ್ಲಿ ಥೀಮನ್ನು ಚೂರುಚೂರಾಗಿ ತೋರಿಸಿ, ಬಾಂಡ್ ತನ್ನ ಹೆಸರು ಹೇಳುವ ಕೊನೆಯ ಕ್ಷಣದ ತನಕ ಪೂರ್ತಿ ಬಿಡುವುದೇ ಇಲ್ಲ. ಬೇರೊಬ್ಬರು ಸಂಗೀತ ಕೊಟ್ಟ 1995ರ 'ಗೋಲ್ಡನ್ ಐ' ನನಗೆ ಇನ್ನೂ ಒಗ್ಗಿಲ್ಲ, ಸಿಂಥಸೈಜರ್ ಜಾಸ್ತಿಯಾಯಿತು. ಉದಯಪುರದಲ್ಲಿ ಚಿತ್ರೀಕರಣವಾದ 1983ರ 'ಆಕ್ಟೊಪಸಿ'ಯಲ್ಲಿ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಹಾವಾಡಿಗನ ವೇಷದಲ್ಲಿ ಪುಂಗಿಯಲ್ಲಿ ಬಾಂಡ್ ಥೀಮ್ ಊದುತ್ತಾರೆ. ಅದನ್ನು ನೋಡಿಯೇ ಸವಿಯಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಆಸೆ ಹುಟ್ಟಿದೆ. ನಮ್ಮ ರಾಜ್‌ಕುಮಾರ್ ಅವರ ಬಾಂಡ್ ಮಾದರಿಯ ಸಿಐಡಿ 999 ಚಿತ್ರಗಳು 1968ರಲ್ಲಿ 'ಜೇಡರ ಬಲೆ'ಯಿಂದ ಶುರುವಾದವು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಹಾಡುಗಳು ಎಲ್ಲೆಡೆ ಸಿಗುತ್ತವೆ. ಹಿನ್ನೆಲೆ ಸಂಗೀತ ಬೇರೆಯಾಗಿ ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ. ಯಾರಾದರೂ ಹೊರತಂದರೆ ಮೊದಲ ಪ್ರತಿ ನನಗಿರಲಿ.

ಕೊಳ್ಳುವವರಿಗೆ ಎರಡು ಮಾತು. ನಾನು ಆನ್‌ಲೈನಿನಲ್ಲಿ ತರಿಸಿದ ಒಂದು ಡಿಸ್ಕ್ ಸೀಳಿ ಬಂತು, ವಾಪಸ್ ಮಾಡುವುದಕ್ಕೆ ಒಂದು ತಿಂಗಳು ಓಡಾಡಿದೆ. ಪಾರ್ಸೆಲ್ ತೆರೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಆ್ಯಪ್‌ನಲ್ಲಿ ಕೇಳುತ್ತಿದ್ದ ಎರಡು ಆಲ್ಬಮ್ ಹೇಳದೆ ಕೇಳದೆ ಮಾಯವಾದವು, ಹಾಗಾಗಿ ಇಷ್ಟದ ಆಲ್ಬಮ್ಮನ್ನು ದುಡ್ಡು ಕೊಟ್ಟು ಕೊಂಡು ಇಟ್ಟುಕೊಳ್ಳುವುದೇ ವಾಸಿ. ಹಳೆಯ ಆಲ್ಬಮ್‌ಗಳಲ್ಲಿ ಹೆಚ್ಚು ಟ್ರ್ಯಾಕ್ ಸೇರಿಸಿದ ಆವೃತ್ತಿಗಳೂ ಬಂದಿವೆ, ಎರಡೂ ಕಂಡರೆ ಉದ್ದದ್ದನ್ನೇ ಆರಿಸಿ. ಐದು ಅಂಕದಲ್ಲಿ ಹಾಡುಗಳ ಸಂಕಲನಕ್ಕೆ ಮೂರು, 1969ರ ಆಲ್ಬಮ್ಮಿಗೆ ಪೂರ್ತಿ ಐದು.